ಕಾಗದದ ಮೇಲೆ ತಿಂದ ಮಿಡತೆ

ನವೆಂಬರ್ ಹನ್ನೆರಡು, ಮಂಗಳವಾರ, ಬೆಳಿಗ್ಗೆ ಒಂಬತ್ತೂ ಕಾಲು. ಬುಗಾಂಡ ಸೀಮೆಯ ಮಸಾಕಾ ಪಟ್ಟಣದ ನ್ಯೆಂಡೊ ಪೊಲೀಸ್ ಠಾಣೆಗೆ ಬಂದ ಹುಡುಗಿ, ಕೂರು ಅಂದರೂ ಕೂರಲಿಲ್ಲ.

"ನನ್ನ ಥೀಸಿಸ್ ಕಳುವಾಗಿದೆ," ಅಂದಳು.

ಕಾನ್‌ಸ್ಟೇಬಲ್ ಸೆಂಪಾಲನಿಗೆ ನಗು ತಡೆಯಲಾಗಲಿಲ್ಲ. ರಾತ್ರಿ ದೀಪ ಹಾಕಿ ತಿನ್ನಲು ಮಿಡತೆ ಹಿಡಿಯುವ ಸುಗ್ಗಿಯಲ್ಲಿ ಆ ಠಾಣೆಗೆ ಬರುವ ದೂರುಗಳೇ ಬೇರೆ. ಬಲೆಯ ಬಲ್ಬು ಕಿತ್ತವರು, ತಗಡು ಹೊತ್ತುಕೊಂಡು ಹೋದವರು, ಕಂಬದಿಂದ ಕರೆಂಟು ಕದ್ದವರು. ಥೀಸಿಸ್ ಕಳೆದುಕೊಂಡವರನ್ನು ಅವನು ಕಂಡದ್ದು ಇದೇ ಮೊದಲು.

"ಇನ್ನೊಂದು ಬರ್ಕೊಂಡ್ರಾಯ್ತಲ್ಲಮ್ಮ," ಅಂದ.

ಒಳಗಿನ ಮೇಜಿನಿಂದ ಇನ್‌ಸ್ಪೆಕ್ಟರ್ ಅಮೊಡಿಂಗ್ ತಲೆಯೆತ್ತಿದಳು. ದೇಶದ ಪೂರ್ವ ಭಾಗದವಳು, ಈ ಊರಿಗೆ ವರ್ಗವಾಗಿ ಬಂದು ಎರಡು ವರ್ಷವಾಗಿತ್ತು. ಮಾತು ಕಡಿಮೆ, ಸಿಟ್ಟು ಮೂಗಿನ ತುದಿಯಲ್ಲಿ. "ಸೆಂಪಾಲ, ಹಲ್ಲು ಒಳಗಿಟ್ಕೋ. ಬಾಮ್ಮ ಇಲ್ಲಿ. ಹೆಸರು?"

"ಲೀಡಿಯಾ ಬಬಿರ್ಯೆ. ಬುಡ್ಡು ವಿಶ್ವವಿದ್ಯಾಲಯ, ಆಹಾರ ವಿಜ್ಞಾನ."

"ಕದ್ದದ್ದು ಯಾರು?"

"ನನ್ನ ಗೈಡು. ಡಾಕ್ಟರ್ ಡಿಯೋ ಕಿಗೊಂಗೊ."

"ಕದಿಯೋದನ್ನ ನೀನು ನೋಡಿದ್ಯಾ?"

"ಲೋಕವೇ ನೋಡಿದೆ ಅಫಂಡೆ. ಅವರ ಹೆಸರಲ್ಲಿ ಅಚ್ಚಾಗಿದೆ." ಪೊಲೀಸ್ ಅಧಿಕಾರಿಯನ್ನು ಅಲ್ಲಿಯ ಜನ ಮರ್ಯಾದೆಯಿಂದ ಅಫಂಡೆ ಅಂತಲೇ ಕರೆಯುವುದು.

ಹುಡುಗಿ ಹೇಳಿದ್ದು ಇಷ್ಟು. ಹುರಿದ ಮಿಡತೆ ಕೆಟ್ಟ ವಾಸನೆ ಹಿಡಿಯದೆ ತಿಂಗಳುಗಟ್ಟಲೆ ಹೇಗೆ ಉಳಿದೀತು ಅನ್ನುವುದು ಅವಳ ಸಂಶೋಧನೆ. ಉಪ್ಪು ಹಾಕಿದ್ದು, ಹೊಗೆ ಹಿಡಿಸಿದ್ದು, ಬಿಸಿಲಲ್ಲಿ ಒಣಗಿಸಿದ್ದು, ಹೀಗೆ ಜಾಡಿಗಳಲ್ಲಿ ತುಂಬಿಟ್ಟು, ವಾರವಾರ ಒಂದೊಂದನ್ನೂ ತಾನೇ ತಿಂದು ನೋಡಿ, ರುಚಿಗೆ ಅಂಕ ಹಾಕಿದ್ದಳು. ಬರೆದದ್ದನ್ನು ಗೈಡಿನ ಕೈಗೆ ಕೊಟ್ಟಳು. ಮಾರ್ಚಿನಲ್ಲಿ ಅದು ಅವನೊಬ್ಬನ ಹೆಸರಲ್ಲಿ ಪತ್ರಿಕೆಯೊಂದರಲ್ಲಿ ಬಂತು. ಪಾಪ, ಅವಳಿಗೆ ಗೊತ್ತೇ ಇಲ್ಲ. ಸೆಪ್ಟೆಂಬರಿನಲ್ಲಿ ತನ್ನ ಥೀಸಿಸ್ ಸಲ್ಲಿಸಿದಳು. ಕಂಪ್ಯೂಟರ್ ಎರಡನ್ನೂ ತಾಳೆ ನೋಡಿ, ಹುಡುಗಿ ಗುರುವಿನ ಬರಹ ಕದ್ದಿದ್ದಾಳೆ ಅಂತ ತೀರ್ಪು ಕೊಟ್ಟುಬಿಟ್ಟಿತು.

"ಶುಕ್ರವಾರ ಹತ್ತು ಗಂಟೆಗೆ ಶಿಸ್ತು ಸಮಿತಿ ಕೂರುತ್ತೆ. ಕೃತಿಚೌರ್ಯ ಅಂತ ಹೆಸರು ಹೊಡೆದು ಹಾಕ್ತಾರೆ. ಇನ್ನು ಯಾವ ವಿಶ್ವವಿದ್ಯಾಲಯವೂ ಸೇರಿಸ್ಕೊಳ್ಳಲ್ಲ. ನಂದನ್ನೇ ನಾನು ಕದ್ದೆ ಅಂತ ನನಗೇ ನೋಟಿಸು."

"ಅನ್ಯಾಯವೇ. ಆದ್ರೆ ಇದು ಕಾಲೇಜಿನ ಜಗಳ ಕಣಮ್ಮ. ಪೊಲೀಸರು ಬಂದು ಏನು ಮಾಡ್ಬೇಕು?"

ಬಬಿರ್ಯೆ ಫೋನಿನಲ್ಲಿ ಒಂದು ಚಿತ್ರ ತೆಗೆದು ಮೇಜಿನ ಮೇಲಿಟ್ಟಳು. ಸಮಿತಿಗೆ ಕಿಗೊಂಗೊ ಒಪ್ಪಿಸಿದ ರುಚಿ ಪರೀಕ್ಷೆಯ ಹಾಳೆಗಳು. "ಅಂಕ ಎಲ್ಲ ನಂದೇ. ತಿಂದು ನೋಡಿದವರು ಅನ್ನೋ ಜಾಗದಲ್ಲಿ ಅವರ ಸಹಿ. ನನ್ನ ಮೂಲ ಹಾಳೆಗಳು ಲ್ಯಾಬಿನ ಬೀರುವಿನಿಂದಲೇ ಮಾಯ."

ಅಮೊಡಿಂಗ್‌ಳ ಬೆನ್ನು ನೆಟ್ಟಗಾಯಿತು. ಸಮಿತಿಯ ಮುಂದೆ ಸುಳ್ಳು ದಾಖಲೆ ಇಡುವುದು ಕಾಲೇಜಿನ ಜಗಳವಲ್ಲ, ಅಪ್ಪಟ ಅಪರಾಧ. "ಸೆಂಪಾಲ, ಎಫ್‌ಐಆರ್ ಬರ್ಕೋ. ಕಳವು, ನಕಲಿ ದಾಖಲೆ ಸೃಷ್ಟಿ. ನಮಗಿರೋದು ಮೂರೇ ದಿನ."

ಅಂದು ಮಧ್ಯಾಹ್ನವೇ ಲ್ಯಾಬಿನಲ್ಲಿ ಪಂಚನಾಮೆ ನಡೆಯಿತು. ಬೀರು ಖಾಲಿ. ಜಾಡಿಗಳನ್ನು ಯಾರೋ ಚೆನ್ನಾಗಿ ತೊಳೆದು, ಬಾಯಿ ಕೆಳಗಾಗಿ ಸಾಲಾಗಿ ಬೋರಲು ಹಾಕಿದ್ದರು. ಒಂದು ರೆಕ್ಕೆಯ ಚೂರೂ ಉಳಿದಿರಲಿಲ್ಲ. ಬೀಗದ ಕೀಲಿ ಇಬ್ಬರ ಹತ್ತಿರವೂ ಇತ್ತು, ಹುಡುಗಿಯ ಹತ್ತಿರ ಒಂದು, ಮೇಷ್ಟ್ರ ಹತ್ತಿರ ಒಂದು. ಹಾಗಾಗಿ ಅದರಿಂದ ಏನೂ ಗಿಟ್ಟಲಿಲ್ಲ.

ಬುಧವಾರ ಗುಡ್ಡದ ಮೇಲಿನ ಬಲೆಗಳ ಹತ್ತಿರ ಹೋದರು. ತಗಡುಗಳನ್ನು ಪೀಪಾಯಿಗಳ ಬಾಯಿಗೆ ಓರೆಯಾಗಿ ನಿಲ್ಲಿಸಿ, ಮೇಲೆ ದೊಡ್ಡ ಬಲ್ಬು ಕಟ್ಟಿದ್ದರು. ಬಲೆಯ ಯಜಮಾನ ಕಟೆರೆಗ್ಗಾ ಹುಡುಗಿಯ ಫೋಟೋ ನೋಡಿದ್ದೇ ತಡ, ಮುಖ ಅರಳಿಸಿದ.

"ಇವಳಾ? ಎರಡು ಸುಗ್ಗಿ ಇಲ್ಲೇ ಬಿದ್ದಿದ್ಲು ತಾಯಿ. ದೀಪಕ್ಕೆ ಬರೋ ಸುಡೋ ಹುಳ ತಾಗಿ ತೋಳೆಲ್ಲ ಬೊಬ್ಬೆ. ಮನೆಗೆ ಹೋಗೇ ಅಂದ್ರೆ ಕೇಳ್ತಿರ್ಲಿಲ್ಲ."

ಅಮೊಡಿಂಗ್ ಕಿಗೊಂಗೊನ ಫೋಟೋ ಮುಂದಿಟ್ಟಳು. "ಈ ಮೇಷ್ಟ್ರು?"

"ಈ ಹೊಳೆಯೋ ಬೂಟು ಹಾಕ್ಕೊಂಡು ಇಲ್ಲಿಗೆ ಬಂದಿದ್ರೆ ನನಗೆ ಮರೀತಿತ್ತಾ? ಇಲ್ಲ, ಬಂದಿಲ್ಲ."

ಸೆಂಪಾಲ ಹಿಗ್ಗಿ ಹೀರೇಕಾಯಿಯಾದ. ಕೇಸು ಮುಗಿದೇ ಹೋಯಿತು ಅಂದುಕೊಂಡ. ಅಮೊಡಿಂಗ್ ಮಾತ್ರ ಹಿಗ್ಗಲಿಲ್ಲ. ಓದಿದ ಕಳ್ಳನಿಗೆ ಒಂದು ಬಾಗಿಲು ಮುಚ್ಚಿದರೆ ನಾಲ್ಕು ಕಿಟಕಿ ಇರುತ್ತವೆ ಅನ್ನುವುದು ಅವಳಿಗೆ ಗೊತ್ತಿತ್ತು.

ಅವಳ ಎಣಿಕೆ ನಿಜವಾಯಿತು. ಗುರುವಾರ ಸಂಜೆ ನಾಲ್ಕಕ್ಕೆ ಡಾಕ್ಟರ್ ಕಿಗೊಂಗೊ ತಾನಾಗಿಯೇ ಠಾಣೆಗೆ ಬಂದ. ಇಸ್ತ್ರಿ ಮಾಡಿದ ಕೋಟು, ನುಣುಪಾದ ಮಾತು. ಸೆಂಪಾಲನನ್ನು ತಿಂಡಿ ತರಲು ಪೇಟೆಗೆ ಕಳಿಸಿ, ಅಮೊಡಿಂಗ್ ಒಬ್ಬಳೇ ಹೇಳಿಕೆ ಬರೆದುಕೊಂಡಳು.

"ಬಲೆಗಳ ಹತ್ತಿರ ನೀವು ಹೋಗಿಲ್ಲ."

"ನಾನ್ಯಾಕೆ ಹೋಗ್ಲಿ ಅಮ್ಮ? ಹುಡುಗಿ ನನ್ನ ಸಹಾಯಕಿ. ತರೋದು, ತೊಳೆಯೋದು, ತುಂಬೋದು ಅವಳ ಕೆಲಸ. ವಿಚಾರ ನಂದು, ಬರಹ ನಂದು."

"ತಿಂದು ನೋಡಿದ್ದು?"

"ಅದೂ ನಾನೇ. ಒಂದೊಂದು ಜಾಡಿಯದ್ದನ್ನೂ, ವಾರವಾರ." ಅವನು ಸ್ವಲ್ಪ ಮುಂದಕ್ಕೆ ಬಾಗಿ, ತಿಳಿಯದವರಿಗೆ ಪಾಠ ಹೇಳುವ ದನಿ ತೆಗೆದ. "ನೀವು ಆಚೆ ಸೀಮೆಯವರು, ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮಲ್ಲಿ ಹಿಂದಿನಿಂದ ಹೆಂಗಸರು ಮಿಡತೆ ಹಿಡೀತಾರೆ, ಹುರೀತಾರೆ. ತಿನ್ನೋರು ಗಂಡಸರು. ಆ ಹುಡುಗಿ ನಾಲಿಗೆ ನಂಬ್ಕೊಂಡು ಯಾರಾದ್ರೂ ವಿಜ್ಞಾನ ಬರೀತಾರಾ?"

ಅಮೊಡಿಂಗ್‌ಳ ಮೈ ಉರಿಯಿತು. ಈಗಿನ ಕಾಲದಲ್ಲಿ ಪೇಟೆಯ ಹೆಂಗಸರೆಲ್ಲ ಮಿಡತೆ ತಿನ್ನುತ್ತಾರೆ, ಅವಳೂ ತಿನ್ನುತ್ತಾಳೆ. ಆದರೆ ಮೈ ಉರಿದರೆ ಸಾಕ್ಷಿ ಆಗುವುದಿಲ್ಲವಲ್ಲ. ಅವನ ಮಾತನ್ನು ಸುಳ್ಳು ಅನ್ನಲು ಅವಳ ಕೈಯಲ್ಲಿ ಒಂದು ಎಳೆಯೂ ಇರಲಿಲ್ಲ. ನಾಳೆ ಹತ್ತು ಗಂಟೆಗೆ ಆ ಹುಡುಗಿಯ ಬಾಳು ಮಣ್ಣುಪಾಲು. ಹೇಳಿಕೆಯನ್ನು ಓದಿ ಹೇಳಿದಳು. ಅವನು ಪೆನ್ನು ಕೇಳಿ ಪಡೆದು, ಚೆಂದದ ಅಕ್ಷರದಲ್ಲಿ ಸಹಿ ಹಾಕಿದ.

ಅಷ್ಟರಲ್ಲಿ ಸೆಂಪಾಲ ಬಂದ. ಕೈಯಲ್ಲಿ ಎಣ್ಣೆ ಜಿನುಗುವ ಪೊಟ್ಟಣ, ಈರುಳ್ಳಿ ಹಾಕಿ ಗರಿಗರಿಯಾಗಿ ಹುರಿದ ಹೊಸ ಮಿಡತೆ. ಮೇಜಿನ ಮೇಲೆ ಬಿಚ್ಚಿಟ್ಟ. ಎದುರಿಗೆ ಕೂತವರು ಕಳ್ಳರಾದರೂ ಸರಿ, ಬಿಟ್ಟು ತಿನ್ನುವ ಪದ್ಧತಿ ಆ ಊರಲ್ಲಿಲ್ಲ. ಅಮೊಡಿಂಗ್ ಒಂದೆರಡು ಬಾಯಿಗೆ ಹಾಕಿಕೊಂಡು, ಮನಸ್ಸಿಲ್ಲದ ಮನಸ್ಸಿನಿಂದ ಪೊಟ್ಟಣವನ್ನು ಅವನ ಕಡೆ ಸರಿಸಿದಳು. "ತಗೊಳ್ಳಿ ಮೇಷ್ಟ್ರೇ."

ಕಿಗೊಂಗೊ ಕುರ್ಚಿ ಸಮೇತ ಹಿಂದಕ್ಕೆ ಸರಿದ. ಎರಡೂ ಕೈ ಬೆನ್ನ ಹಿಂದೆ ಹೋದವು.

ಸೆಂಪಾಲ ಖುಷಿಯಿಂದ ತೊಡೆ ತಟ್ಟಿದ. "ಅಯ್ಯೋ ದೇವ್ರೇ, ನೀವು ಮಿಡತೆ ಬೆಡಗಿನೋರಾ? ನನ್ನ ಹೆಂಡ್ತಿ ತವರಿನೋರೂ ಅದೇ. ಮೊದ್ಲೇ ಹೇಳೋದಲ್ವಾ ಸ್ವಾಮಿ, ಹಲಸಿನ ಹಣ್ಣು ತರ್ತಿದ್ದೆ."

"ಹೌದಪ್ಪ, ಅದೇ ಬೆಡಗು," ಅಂದ ಮೇಷ್ಟ್ರು. ಅಂದಾದ ಮೇಲೆ ಬಾಯಿ ಹಾಗೇ ತೆರೆದುಕೊಂಡು ಉಳಿಯಿತು.

ಬುಗಾಂಡದ ಜನರಲ್ಲಿ ಒಂದೊಂದು ಬೆಡಗಿಗೆ, ಅಂದರೆ ಕುಲಕ್ಕೆ, ಒಂದೊಂದು ಜೀವದ ಹೆಸರು. ಯಾವ ಜೀವದ ಹೆಸರು ಹೊತ್ತಿದ್ದೀಯೋ ಅದು ನಿನ್ನ ಒಡಹುಟ್ಟು, ಅದನ್ನು ಬಾಯಿಗೆ ಹಾಕುವಂತಿಲ್ಲ. ಬೆಡಗು ಕೇಳಿದಾಗ ಇಲ್ಲ ಅನ್ನುವುದೂ ಒಂದೇ, ಹೆತ್ತ ಅಪ್ಪನನ್ನು ಇಲ್ಲ ಅನ್ನುವುದೂ ಒಂದೇ. ಎರಡು ವರ್ಷದಲ್ಲಿ ಅಮೊಡಿಂಗ್ ಅಷ್ಟನ್ನು ಕಲಿತಿದ್ದಳು. ಅವಳು ಅಗಿಯುವುದನ್ನು ನಿಲ್ಲಿಸಿದಳು.

"ಮೇಷ್ಟ್ರೇ, ಕುರ್ಚಿ ಮುಂದಕ್ಕೆ ಹಾಕ್ಕೊಳ್ಳಿ."

"ನನಗೆ ಹೊತ್ತಾಯ್ತು."

"ಕೂತ್ಕೊಳ್ಳಿ." ಹೇಳಿಕೆಯ ಹಾಳೆಯನ್ನು ಅವನ ಮುಂದಿಟ್ಟಳು. "ಒಂದೊಂದು ಜಾಡಿಯದ್ದನ್ನೂ ನಾನೇ ತಿಂದು ನೋಡಿದೆ. ಇದು ಯಾರ ಸಹಿ?"

"ನಂದೇ. ಅದು ಸಂಶೋಧನೆ ಅಮ್ಮ. ವಿಜ್ಞಾನಕ್ಕೆ ಬೆಡಗು ಗಿಡಗು ಇಲ್ಲ."

"ಒಪ್ಪಿದೆ. ಎರಡು ಸುಗ್ಗಿ ತಿಂದೋರಿಗೆ ಇನ್ನೊಂದು ಯಾವ ಲೆಕ್ಕ? ಒಂದು ತಿನ್ನಿ. ನಾನೇ ಬಾಗಿಲವರೆಗೆ ಬಂದು ಕಳಿಸಿಕೊಡ್ತೀನಿ."

"ಅಫಂಡೆ, ಬೇಡ," ಅಂದ ಸೆಂಪಾಲ. ಅವನ ನಗು ಇಂಗಿಹೋಗಿತ್ತು. "ಹಾಗೆಲ್ಲ ತಿನ್ನಿಸ್ಬಾರ್ದು."

"ನಾನು ತಿನ್ನಿಸ್ತಿಲ್ಲ. ತಿಂದಿದ್ದೀನಿ ಅಂದೋರು ಅವರು."

ಕಿಗೊಂಗೊ ಪೊಟ್ಟಣದತ್ತ ನೋಡಿದ. ಕೈ ನಿಧಾನಕ್ಕೆ ಮುಂದೆ ಬಂತು. ಬೆರಳಿನ ತುದಿಯಲ್ಲಿ ಒಂದನ್ನು ಎತ್ತಿದ. ಅವನು ಅದನ್ನು ನುಂಗಿದನೋ, ನಾಳೆ ಆ ಹುಡುಗಿಯನ್ನು ಉಳಿಸುವವರು ಯಾರೂ ಇಲ್ಲ. ಕೈ ಗದ್ದದವರೆಗೆ ಏರಿತು. ಹಣೆಯಿಂದ ಬೆವರು ಕೋಟಿನ ಮೇಲೆ ತೊಟ್ಟಿಕ್ಕಿತು. ತುಟಿಗಳು ಬಿಗಿದುಕೊಂಡವು, ತೆರೆಯಲೇ ಇಲ್ಲ.

ಅವನು ಮಿಡತೆಯನ್ನು, ನೋವಾದೀತು ಅನ್ನುವ ಹಾಗೆ, ಮೆಲ್ಲಗೆ ಕೆಳಗಿಟ್ಟ.

"ಆಗಲ್ಲ," ಅಂದ. "ಕಾಗದದ ಮೇಲೆ ತಿಂದ್ರೆ ದೋಷ ಬರಲ್ಲ ಅಂದ್ಕೊಂಡಿದ್ದೆ."

"ಕಾಗದದ ಮೇಲೆ ಕದ್ರೆ?"

"ಅದೂ ಹಾಗೇ ಅಂದ್ಕೊಂಡೆ."

ಐದೂ ನಲವತ್ತಕ್ಕೆ ಬಂಧನ ದಾಖಲಾಯಿತು. ಮೂಲ ಹಾಳೆಗಳು ಎಲ್ಲಿ ಎಂದು ಕೇಳಿದರೆ, ಮನೆಯಲ್ಲಿ ಬಟ್ಟೆಯ ಪೆಟ್ಟಿಗೆಯಲ್ಲಿವೆ ಅಂದ. ಹೋಗಿ ಪಂಚರ ಮುಂದೆ ತೆಗೆದರೆ, ಬಬಿರ್ಯೆಯ ಕೈಬರಹದ ಹಾಳೆಗಳು ಒಂದೂ ತಪ್ಪದೆ, ದಾರ ಕಟ್ಟಿಕೊಂಡು ಕೂತಿದ್ದವು.

"ಜಾಡಿ ತೊಳೆದೋರು ಇದನ್ಯಾಕೆ ಸುಡ್ಲಿಲ್ಲ?" ಅಮೊಡಿಂಗ್ ಕೇಳಿದಳು.

"ಅವಳದು ಒಳ್ಳೇ ಕೆಲಸ ಅಮ್ಮ. ಸುಡೋಕೆ ಕೈ ಬರ್ಲಿಲ್ಲ."

ಶುಕ್ರವಾರ ಹತ್ತಕ್ಕೆ ಐದು ನಿಮಿಷ ಇರುವಾಗ ಇನ್‌ಸ್ಪೆಕ್ಟರ್ ಸಮಿತಿಯ ಕೋಣೆಯೊಳಗೆ ನುಗ್ಗಿದಳು. ಹಾಳೆಗಳು ಮೇಜಿನ ಮೇಲೆ ಬಿದ್ದವು. ಹತ್ತೂವರೆಗೆ ನೋಟಿಸು ರದ್ದಾಯಿತು. ಹೊರಗೆ ಮೆಟ್ಟಿಲ ಮೇಲೆ ಸೆಂಪಾಲ ಟೋಪಿ ತೆಗೆದು ಕುಣಿದೇಬಿಟ್ಟ. ಬಬಿರ್ಯೆ ಗೋಡೆಗೊರಗಿ ಕೂತು, ತೋಳಿನ ಕಲೆಗಳ ಮೇಲೆ ಮುಖವಿಟ್ಟು, ಮನಸ್ಸು ಹಗುರಾಗುವವರೆಗೆ ಅತ್ತಳು.

ಅಂದು ಮಧ್ಯಾಹ್ನ ಕಿಗೊಂಗೊನನ್ನು ಜೀಪಿನಲ್ಲಿ ನ್ಯಾಯಾಲಯಕ್ಕೆ ಕರೆದುಕೊಂಡು ಹೋಗುವಾಗ, ಯಾರೂ ಕೇಳದೆಯೇ ಅವನು ಹೇಳಿದ. ನಾಲ್ಕು ವರ್ಷದ ಹಿಂದೆ ಒಂದು ಮದುವೆಯಲ್ಲಿ ಮೈಕು ಹಿಡಿದವನು, ಇನ್ನೂ ಆ ಹುದ್ದೆಗೇರದ ಅವನನ್ನು ಪ್ರೊಫೆಸರ್ ಎಂದು ಕರೆದುಬಿಟ್ಟನಂತೆ. ಜನ ಎದ್ದು ಚಪ್ಪಾಳೆ ಹೊಡೆದರು, ತಾಯಿ ಕಣ್ಣೀರು ಹಾಕಿದಳು. ಅಲ್ಲ ಅನ್ನಲು ಬಾಯಿ ಬರಲಿಲ್ಲ. ಅಲ್ಲಿಂದ ಲಗ್ನಪತ್ರಿಕೆಗಳಲ್ಲಿ, ಚರ್ಚಿನಲ್ಲಿ, ಬೀದಿಯಲ್ಲಿ ಅದೇ ಹೆಸರು. ಅದನ್ನು ನಿಜ ಮಾಡಲು ಒಂದು ಒಳ್ಳೆಯ ಸಂಶೋಧನೆ ಬೇಕಿತ್ತು. ಇಪ್ಪತ್ತು ವರ್ಷ ಎಷ್ಟೋ ಮಕ್ಕಳ ಬರಹ ತಿದ್ದಿದವನು, ತಿದ್ದಲು ಏನೂ ಇಲ್ಲದ ಬರಹ ಕಂಡದ್ದು ಬಬಿರ್ಯೆಯದೊಂದೇ.

ಜೀಪು ನ್ಯಾಯಾಲಯದ ಮುಂದೆ ನಿಂತಿತು. ಇಳಿಯುವ ಮುಂಚೆ ಅವನು ಕೇಳಿದ, "ಬೆಳಿಗ್ಗೆ ಹುಡುಗಿದು ಏನಾಯ್ತು?"

"ಗೆದ್ದಳು," ಅಂದಳು ಅಮೊಡಿಂಗ್.

ಅವನ ಮುಖ ಅರಳಿತು. "ಗೆಲ್ತಾಳೆ. ನನ್ನ ವಿದ್ಯಾರ್ಥಿನಿ," ಅಂದ. ಆಮೇಲೆ ಕೈಯಲ್ಲಿದ್ದ ಬೇಡಿಯ ಕಡೆ ನೋಡಿ, ಇಳಿದ.