ಆಲ್ಡರ್ ನದಿಯಲ್ಲಿ ಮೂರು ದೋಣಿ

ಉಕ್ಕಿನ ಹಗ್ಗದ ಸುರುಳಿ, ಗೇಣುದ್ದದ ಬೋಲ್ಟುಗಳು, ಕೈಯಿಂದ ತಿರುಗಿಸುವ ಎರಡು ದೊಡ್ಡ ಬೈರಿಗೆ. ಇಷ್ಟನ್ನೂ ಆಲ್ಡರ್ ನದಿಯ ಮೇಲೆ ಸಾಗಿಸಿ ಶನಿವಾರ ಸಂಜೆಯೊಳಗೆ ಹೆರನ್ ಶಿಬಿರಕ್ಕೆ ಮುಟ್ಟಿಸಬೇಕು. ಡೆಟ್ರಾಯ್ಟ್ ಬಳಿಯ ಟ್ರಾಯ್ ಊರಿನ ಪುಟ್ಟ ಸ್ಕೌಟ್ ದಳ ಒಪ್ಪಿಕೊಂಡ ಕೆಲಸ ಅದು.

ಶಿಬಿರವಿರುವುದು ಉತ್ತರ ಮಿಷಿಗನ್ನಿನ ಕಾಡಿನ ನಡುವೆ. ಡೆಟ್ರಾಯ್ಟ್ ಮತ್ತು ಶಿಕಾಗೊ ಕಡೆಯ ಸಣ್ಣ ದಳಗಳು ಬೇಸಿಗೆಯಲ್ಲಿ ಅಲ್ಲಿಗೇ ಹೋಗುತ್ತಿದ್ದವು. ಈ ವರ್ಷ ಹಿಮ ಕರಗಿ ಬಂದ ನೆರೆ, ಶಿಬಿರದ ಮುಂದಿನ ಹಳ್ಳದ ಸೇತುವೆಯನ್ನು ಕೊಚ್ಚಿಕೊಂಡು ಹೋಗಿತ್ತು. ಸೇತುವೆ ಇಲ್ಲದಿದ್ದರೆ ಶಿಬಿರವಿಲ್ಲ. ಅದನ್ನು ಮತ್ತೆ ಕಟ್ಟಲು ಮುಂದೆ ಬಂದದ್ದು ಸ್ಕೌಟ್‌ಗಳ ಗೌರವ ಬಳಗ. ಒಂದೊಂದು ದಳದ ಮಕ್ಕಳೂ ತಮ್ಮಲ್ಲಿ ನೆಚ್ಚಿಗೆಯವರು ಯಾರೆಂದು ಮತ ಹಾಕಿ ಆರಿಸಿ ಕಳಿಸಿದವರು ಆ ಬಳಗದಲ್ಲಿದ್ದರು. ಕಾಡುದಾರಿ ಸವರುವುದು, ಶಿಬಿರ ರಿಪೇರಿ ಮಾಡುವುದು, ಸೊರಗಿದ ದಳಗಳ ಬೆನ್ನಿಗೆ ನಿಲ್ಲುವುದು ಅವರ ಕೆಲಸ.

ಬಳಗದಲ್ಲಿದ್ದ, ಶಿಕಾಗೊ ಬಳಿಯ ವುಡ್‌ರಿಡ್ಜ್‌ನ ಸದಸ್ಯರು ಕಾಡಿನಲ್ಲಿ ನಡೆದು ಹೋಗಿ ದಿಮ್ಮಿಗಳನ್ನು ಸಿದ್ಧ ಮಾಡುತ್ತಿದ್ದರು. ಅಷ್ಟು ದೂರ ಕಬ್ಬಿಣ ಹೊತ್ತು ನಡೆಯುವುದು ಸಾಧ್ಯವಿರಲಿಲ್ಲ. ಅದು ನೀರಿನ ಮೇಲೇ ಬರಬೇಕಿತ್ತು.

ಟ್ರಾಯ್ ದಳಕ್ಕೆ ಗೌರವ ಬಳಗ ಕಳಿಸಿದ್ದು ಮನಾಲ್‌ಳನ್ನು. ಹದಿನೇಳರ ಹುಡುಗಿ. ವುಡ್‌ರಿಡ್ಜ್‌ನಲ್ಲೇ ಬೆಳೆದವಳು, ಅಪ್ಪನ ಕೆಲಸದ ಜೊತೆಗೆ ಮಿಷಿಗನ್ನಿಗೆ ಬಂದಿದ್ದಳು. ಚಳಿಗಾಲವಿಡೀ ವಾರಕ್ಕೊಮ್ಮೆ ಬಂದು ದಳದ ಮಕ್ಕಳಿಗೆ ಗಂಟು ಹಾಕುವುದು, ಹುಟ್ಟು ಹಾಕುವುದು, ದಿಕ್ಸೂಚಿ ನೋಡುವುದು ಎಲ್ಲವನ್ನೂ ಕಲಿಸಿದ್ದಳು. ಆದರೂ ಈ ಪಯಣಕ್ಕೆ ಹೊರಟ ಮಕ್ಕಳು ಮೂವರೇ: ನಾಯಕಿ ಫಲಕ್, ಮಾತಿನ ಮಲ್ಲಿ ಐಶ್ವರ್ಯ, ಎಲ್ಲರಿಗಿಂತ ಚಿಕ್ಕವನಾದ ಜೈ. ಜೊತೆಗೆ ಇಬ್ಬರು ಹಿರಿಯರು. ಒಬ್ಬರು ದಳದ ಮುಖ್ಯಸ್ಥ ಚಿದಂಬರ. ಗದಗಿನವರು, ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್. ಇನ್ನೊಬ್ಬರು ಫಲಕ್‌ಳ ತಾಯಿ ಗುಲ್‌ಶನ್. ಮೈಸೂರಿನವರು, ಆಸ್ಪತ್ರೆಯಲ್ಲಿ ನರ್ಸ್.

ಶುಕ್ರವಾರ ಬೆಳಿಗ್ಗೆ ಮೂರು ದೋಣಿಗಳು ನೀರಿಗಿಳಿದವು.

ಮೇ ತಿಂಗಳ ಕಾಡು ಆಗಷ್ಟೇ ಕಣ್ಣು ಬಿಡುತ್ತಿತ್ತು. ಮೇಪಲ್ ಮರಗಳ ಬುಡದಲ್ಲಿ ಮೂರೆಸಳಿನ ಬಿಳಿ ಹೂಗಳು ನೆಲ ಕಾಣದಂತೆ ಹರಡಿದ್ದವು. ದಡದ ಸೀಡರ್ ಮರಗಳು ನದಿಯತ್ತ ಬಾಗಿದ್ದವು, ಅವುಗಳ ಬೇರಿನ ರಸ ಇಳಿದು ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಎಲ್ಲೋ ಜೌಗಿನಲ್ಲಿ ಕೊಕ್ಕರೆಗಳ ಜೋಡಿ ತುತ್ತೂರಿ ಊದಿದಂತೆ ಕೂಗುತ್ತಿತ್ತು. ಬಿಸಿಲಿತ್ತು, ಆದರೆ ನೀರಿನಲ್ಲಿ ಬೆರಳದ್ದಿದರೆ ಮೂಳೆಯವರೆಗೆ ಚಳಿ ಹತ್ತುತ್ತಿತ್ತು. ನೆರೆ ಇಳಿದಿದ್ದರೂ ನದಿಯ ಓಟ ತಗ್ಗಿರಲಿಲ್ಲ.

ಮುಂದಿನ ದೋಣಿಯಲ್ಲಿ ಚಿದಂಬರ ಮತ್ತು ಐಶ್ವರ್ಯ. ನಡುವೆ ಗುಲ್‌ಶನ್ ಮತ್ತು ಜೈ. ಕೊನೆಯಲ್ಲಿ ಮನಾಲ್ ಮತ್ತು ಫಲಕ್.

ಮಧ್ಯಾಹ್ನದ ಹೊತ್ತಿಗೆ ನದಿ ಬಲಕ್ಕೆ ತಟ್ಟನೆ ತಿರುಗಿತು. ತಿರುವಿನಾಚೆಯಿಂದ ಐಶ್ವರ್ಯಳ ಕಿರುಚಾಟ ಕೇಳಿಸಿತು.

"ಮರ ಬಿದ್ದಿದೆ! ಸ್ಟಾಪ್! ಸ್ಟಾಪ್!"

ನೆರೆ ಕೆಡವಿದ ದೊಡ್ಡ ಸೀಡರ್ ಮರವೊಂದು ಎಡದಂಡೆಯಿಂದ ನದಿಗೆ ಅಡ್ಡಲಾಗಿ ಮಲಗಿತ್ತು. ನೀರು ಅದರ ಕೆಳಗೆ ಕೊಂಬೆಗಳ ನಡುವೆ ನುಗ್ಗುತ್ತಿತ್ತು. ಚಿದಂಬರ ದೋಣಿ ತಿರುಗಿಸಲು ನೋಡಿದರು. ಆಗಲಿಲ್ಲ. ದೋಣಿ ಅಡ್ಡಬಿದ್ದು ಮರಕ್ಕೆ ಬಡಿಯಿತು. ಐಶ್ವರ್ಯ ಕಾಂಡದ ಮೇಲೆ ಹಾರಿ ತಬ್ಬಿಕೊಂಡಳು. ಚಿದಂಬರ ನೀರಿಗೆ ಬಿದ್ದರು.

ಒಂದು ಕೊಂಬೆ ಕೈಗೆ ಸಿಕ್ಕಿತು. ಲೈಫ್ ಜಾಕೆಟ್ ಎದೆಯನ್ನು ಮೇಲೆ ಹಿಡಿದಿತ್ತು. ಆದರೆ ಪ್ರವಾಹ ಅವರ ಕಾಲುಗಳನ್ನು ಮರದ ಕೆಳಕ್ಕೆ ಎಳೆಯುತ್ತಿತ್ತು.

ಹಿಂದಿನ ಎರಡೂ ದೋಣಿಗಳು ಎಡದಂಡೆಗೆ ನುಗ್ಗಿದವು. ನೀರಿಗೆ ಬಿದ್ದವರತ್ತ ಎಸೆಯುವ ಹಗ್ಗದ ಚೀಲ ಹಿಡಿದು ಮನಾಲ್ ದಡಕ್ಕೆ ಹಾರಿದಳು.

"ಅಂಕಲ್, ಕೈ ಬಿಡಬೇಡಿ! ಬರ್ತಾ ಇದೀವಿ!"

ಅಷ್ಟರಲ್ಲಿ ಮರ ಮಿಸುಕಿತು. ಕಾಂಡದ ಮೇಲಿದ್ದ ಐಶ್ವರ್ಯ ಕಣ್ಣು ಮುಚ್ಚಿ ಅಳತೊಡಗಿದಳು. ಅವಳೊಬ್ಬಳೇ ದಡಕ್ಕೆ ಬರುವಂತಿರಲಿಲ್ಲ. ಹಗ್ಗ ಎಸೆಯುವುದರಲ್ಲಿ ಮನಾಲ್‌ಳಷ್ಟು ಗುರಿ ಇದ್ದವರು ಅಲ್ಲಿ ಯಾರೂ ಇರಲಿಲ್ಲ. ಆದರೆ ಅಲುಗುವ ಮರದ ಮೇಲೆ ನಡೆದು ಅಭ್ಯಾಸವಿದ್ದವಳೂ ಅವಳೊಬ್ಬಳೇ.

ಅವಳು ಚೀಲವನ್ನು ಫಲಕ್‌ಳ ಕೈಗೆ ತುರುಕಿದಳು.

"ನೀನು ಎಸಿ. ನಾನು ಐಶ್ವರ್ಯ ಹತ್ರ ಹೋಗ್ತೀನಿ."

"ನೋ! ಐ ಆಲ್ವೇಸ್ ಮಿಸ್!"

"ಮಿಸ್ ಆದ್ರೆ ಇನ್ನೊಂದ್ಸಲ ಎಸಿ. ನಿನ್ನ ದಳ ಇದು ಫಲಕ್. ಹೋಗು!"

ಮನಾಲ್ ಕಾಂಡದ ಮೇಲೆ ಕುದುರೆ ಸವಾರಿಯಂತೆ ಕೂತು ಇಂಚಿಂಚಾಗಿ ಜರುಗತೊಡಗಿದಳು. ಫಲಕ್ ಮರದಿಂದ ತುಸು ದೂರ, ನೀರು ಹರಿದು ಬರುವ ಕಡೆ ದಡದಲ್ಲಿ ಕಾಲೂರಿ ನಿಂತಳು. ಹಗ್ಗದ ತುದಿಯನ್ನು ಜೈ ಒಂದು ಬರ್ಚ್ ಮರಕ್ಕೆ ಸುತ್ತು ಹಾಕಿ ಹಿಡಿದ.

ಮೊದಲ ಎಸೆತ ತಲೆಯ ಮೇಲೆ ಹಾರಿ ಹೋಯಿತು.

ಚಿದಂಬರರ ತುಟಿ ನೀಲಿಗಟ್ಟಿತ್ತು. ಫಲಕ್ ಒದ್ದೆ ಹಗ್ಗವನ್ನು ಎಳೆದುಕೊಂಡು ಮಡಿಕೆ ಮಾಡಿದಳು. ಗುಲ್‌ಶನ್ ಮಗಳ ಬೆನ್ನಿನ ಹಿಂದೆ ನಿಂತು, ಜಾಕೆಟ್ಟಿನ ಪಟ್ಟಿ ಬಿಗಿಯಾಗಿ ಹಿಡಿದುಕೊಂಡರು.

ಎರಡನೆಯ ಎಸೆತ ನೇರವಾಗಿ ಚಿದಂಬರರ ಭುಜದ ಮೇಲೆ ಬಿತ್ತು.

"ಹಿಡ್ಕೊಳ್ಳಿ ಅಂಕಲ್! ಬೆನ್ನ ಮೇಲೆ ಮಲಗಿ! ಜೈ, ಹೋಲ್ಡ್! ಅಮ್ಮಾ, ಎಳಿ!"

ಚಿದಂಬರ ಕೊಂಬೆ ಬಿಟ್ಟರು. ಕ್ಷಣಕಾಲ ಅವರ ತಲೆ ಕಾಣಲಿಲ್ಲ. ಹಗ್ಗ ಬಿಗಿದು ತಂತಿಯಂತಾಯಿತು. ಜೈಯ ಪಾದಗಳು ಕೆಸರಿನಲ್ಲಿ ಜಾರಿದವು, ಆದರೆ ಅವನ ಹಿಡಿತ ಸಡಿಲಾಗಲಿಲ್ಲ. ತಾಯಿ ಮಗಳು ಇಬ್ಬರೂ ಹಿಂದಕ್ಕೆ ಬಾಗಿ ಎಳೆದರು. ಚಿದಂಬರ ದಡಕ್ಕೆ ತೇಲಿ ಬಂದು ಹುಲ್ಲಿನ ಮೇಲೆ ಬೋರಲು ಬಿದ್ದರು. ಹಿಂದೆಯೇ ಮನಾಲ್ ಐಶ್ವರ್ಯಳನ್ನು ಸೊಂಟ ಹಿಡಿದು ನಡೆಸಿಕೊಂಡು ಬಂದಳು.

ಆಮೇಲಿನದು ಗುಲ್‌ಶನ್ ಅವರ ಕೆಲಸ. ಒದ್ದೆ ಬಟ್ಟೆ ಬಿಚ್ಚಿಸಿ, ಸ್ಲೀಪಿಂಗ್ ಬ್ಯಾಗಿನೊಳಗೆ ತೂರಿಸಿ, ಬಿಸಿ ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಮಕ್ಕಳು ಬೆಂಕಿ ಹೊತ್ತಿಸಿದರು. ಚಿದಂಬರರ ಹಲ್ಲಿನ ಕಟಕಟ ನಿಂತಾಗ ಬಿಸಿಲು ಮರಗಳ ತುದಿಗೇರಿತ್ತು.

"ಒಂದು ಮಾತು ಹೇಳ್ತೀನವಾ," ಎಂದರು ಅವರು ಮನಾಲ್‌ಗೆ ಮೆಲ್ಲಗೆ. "ಈ ಟ್ರಿಪ್ ಮುಗದ ಮ್ಯಾಲೆ ದಳ ಬಂದ್ ಮಾಡಬೇಕಂತ ಮಾಡಿದ್ದೆ. ಮಕ್ಕಳೇ ಬರವಲ್ಲರು. ನನ್ನ ಕೈಲೆ ಆಗಂಗಿಲ್ಲ ಅನಿಸಿತ್ತು."

ಮನಾಲ್ ತಿರುಗಿ ನೋಡಿದಳು. ನದಿಯ ಬಳಿ ಫಲಕ್ ಸೊಂಟದ ಮೇಲೆ ಕೈಯಿಟ್ಟು, ಮರಕ್ಕೆ ಸಿಕ್ಕಿಕೊಂಡ ದೋಣಿಯನ್ನು ದಿಟ್ಟಿಸುತ್ತಿದ್ದಳು.

"ಅದನ್ನ ನಾಳೆ ಹೆಂಗೆ ಬಿಡಿಸೋದು ಅಂತ ಅವಳು ಆಗ್ಲೇ ಯೋಚ್ನೆ ಮಾಡ್ತಿದಾಳೆ ಅಂಕಲ್," ಎಂದಳು ಮನಾಲ್.

ಶನಿವಾರ ಬೆಳಕು ಹರಿದ ಕೂಡಲೇ ಎಲ್ಲರೂ ಹಗ್ಗಕ್ಕೆ ಕೈ ಹಚ್ಚಿದರು. ಫಲಕ್ ಎಣಿಸುತ್ತಿದ್ದಳು, ಉಳಿದವರು ಎಳೆಯುತ್ತಿದ್ದರು. ದೋಣಿ ನರಳುತ್ತಾ ಹೊರಬಂತು. ಅದರ ಪಕ್ಕೆ ಸೀಳಿತ್ತು. ಕಟ್ಟಿದ್ದ ಕಬ್ಬಿಣ ಮಾತ್ರ ಕಟ್ಟಿದಂತೆಯೇ ಇತ್ತು. ಐಶ್ವರ್ಯ ಹಾಕಿದ ಗಂಟುಗಳಲ್ಲಿ ಒಂದೂ ಬಿಚ್ಚಿರಲಿಲ್ಲ.

ಮುಂದಿನ ನದಿ ಬಿದ್ದ ಮರಗಳಿಂದ ತುಂಬಿಹೋಗಿತ್ತು. ಶಿಬಿರಕ್ಕೆ ಇನ್ನೂ ಎರಡು ಮೈಲಿಯಿತ್ತು.

"ಹೊತ್ಕೊಂಡು ಹೋಗೋಣ," ಎಂದಳು ಫಲಕ್. "ಜೌಗು ದಾಟಿ, ಸ್ಟ್ರೇಟ್ ವೆಸ್ಟ್. ಒಂದೇ ಸಲಕ್ಕೆ ಆಗಲ್ಲ, ಎರಡು ಟ್ರಿಪ್ ಮಾಡೋಣ."

ಗಟ್ಟಿ ಕೋಲುಗಳಿಗೆ ಕಬ್ಬಿಣ ತೂಗುಹಾಕಿ, ಇಬ್ಬಿಬ್ಬರು ಹೆಗಲು ಕೊಟ್ಟರು. ದೋಣಿಗಳನ್ನು ದಡದಲ್ಲೇ ಮಗುಚಿ ಕಟ್ಟಿದರು. ಜೌಗಿನ ಕೆಸರು ಮೊಣಕಾಲು ನುಂಗುತ್ತಿತ್ತು. ಕರಿನೊಣಗಳು ಕಿವಿಯ ಹಿಂದೆ, ಕುತ್ತಿಗೆಯಲ್ಲಿ ಕಚ್ಚಿ ರಕ್ತ ತೆಗೆಯುತ್ತಿದ್ದವು. ಸೀಡರ್ ಬೇರುಗಳ ಮೇಲೆ ಕಾಲಿಟ್ಟರೆ ಜಾರುವುದು, ಪಕ್ಕಕ್ಕಿಟ್ಟರೆ ಮುಳುಗುವುದು. ದಪ್ಪಗೆ ಬೆಳೆದ ಪಾಚಿ ಸದ್ದನ್ನೆಲ್ಲ ಹೀರಿಕೊಂಡಿದ್ದರಿಂದ, ತಮ್ಮ ಏದುಸಿರಲ್ಲದೆ ಬೇರೇನೂ ಕೇಳಿಸುತ್ತಿರಲಿಲ್ಲ.

ಕೊನೆಯಲ್ಲಿದ್ದ ಮನಾಲ್‌ಗೆ ದಾರಿ ಎಡಕ್ಕೆ ಸರಿಯುತ್ತಿರುವುದು ಗೊತ್ತಾಯಿತು. ಕೂಗಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಫಲಕ್ ತಾನೇ ನಿಂತಳು. ದಿಕ್ಸೂಚಿ ನೋಡಿದಳು, ಸೂರ್ಯನನ್ನು ನೋಡಿದಳು.

"ಸಾರಿ, ತಪ್ಪು ಬಂದ್ವಿ. ರೈಟ್‌ಗೆ ತಿರುಗಿ."

ಮನಾಲ್ ಬಾಯಿ ಮುಚ್ಚಿಕೊಂಡು ಹೆಗಲು ಬದಲಿಸಿದಳು. ಅವಳಿಗೆ ಒಳಗೊಳಗೇ ಹಿಗ್ಗು.

ಎರಡನೆಯ ಹೊರೆ ಹಳ್ಳದ ದಡ ತಲುಪಿದಾಗ ಸೂರ್ಯ ಇನ್ನೂ ಮುಳುಗಿರಲಿಲ್ಲ. ಅಲ್ಲಿ ವುಡ್‌ರಿಡ್ಜ್ ತಂಡದವರು ತೊಗಟೆ ಸುಲಿದ ದಿಮ್ಮಿಗಳನ್ನು ಜೋಡಿಸಿಟ್ಟು ಕಾಯುತ್ತಿದ್ದರು. ತಂಡದ ನಾಯಕ ಬದರೀನಾಥ, ಮನಾಲ್‌ಳ ಹಳೆಯ ದಳದವನು, ಓಡಿ ಬಂದ.

"ಬರಲ್ವೇನೋ ಅನ್ಕೊಂಡಿದ್ವಿ! ಯಾರು ಲೀಡ್ ಮಾಡಿದ್ದು, ನೀನಾ?"

"ನಾನಲ್ಲ," ಎಂದು ಮನಾಲ್ ಫಲಕ್‌ಳನ್ನು ಮುಂದಕ್ಕೆ ತಳ್ಳಿದಳು.

ಭಾನುವಾರ ಇಡೀ ಕಾಡು ಸುತ್ತಿಗೆಯ ಸದ್ದಿನಿಂದ ತುಂಬಿತು. ಶಿಕಾಗೊ ಕಡೆಯವರು ದಿಮ್ಮಿ ಎತ್ತಿದರೆ ಡೆಟ್ರಾಯ್ಟ್ ಕಡೆಯವರು ಬೈರಿಗೆ ತಿರುಗಿಸಿದರು. ಕೊನೆಯ ಬೋಲ್ಟನ್ನು ಚಿದಂಬರ ಬಿಗಿದು, ಸೇತುವೆಯ ನಡುವೆ ನಿಂತು ಮೂರು ಸಲ ಕುಪ್ಪಳಿಸಿದರು.

"ಗಟ್ಟಿ ಐತಿ! ನಮ್ಮ ಕಂಪನಿ ಟೆಸ್ಟಿಂಗೂ ಇಷ್ಟು ಕಡಕ್ ಇರಂಗಿಲ್ಲ!"

ಮಕ್ಕಳು ನಕ್ಕರು. ಎಲ್ಲರೂ ಆ ಸೇತುವೆಯ ಮೇಲೇ ನಡೆದು ಕಾಡುದಾರಿ ಹಿಡಿದರು. ಮೈತುಂಬ ಕೆಸರು, ಮುಖದ ತುಂಬ ನೊಣದ ಕಡಿತ. ಮುಂದಿನ ವಾರ ತಾವೇ ಬಂದು ದೋಣಿಗಳನ್ನು ತರುವುದಾಗಿ ಬದರೀನಾಥನ ಗೆಳೆಯರು ಹೇಳಿದರು. ರಸ್ತೆ ಸೇರಿ, ವುಡ್‌ರಿಡ್ಜ್‌ನವರು ಅಲ್ಲಿಗೆ ತಂದು ನಿಲ್ಲಿಸಿದ್ದ ತಮ್ಮ ವ್ಯಾನ್ ಹತ್ತಿದ ಮೇಲೆ ಟ್ರಾಯ್ ಮುಟ್ಟುವವರೆಗೆ ಮಕ್ಕಳು ಗೊರಕೆ ಹೊಡೆದರು. ಡ್ರೈವ್ ಮಾಡುತ್ತಿದ್ದ ಚಿದಂಬರ ಮಾತ್ರ ದಾರಿಯುದ್ದಕ್ಕೂ, ಬೇಸಿಗೆ ಶಿಬಿರಕ್ಕೆ ಇನ್ನಾರನ್ನು ಕರೆಯಬಹುದೆಂದು ಗುಲ್‌ಶನ್ ಜೊತೆ ಚರ್ಚಿಸುತ್ತಲೇ ಇದ್ದರು.

ಮಕ್ಕಳ ಮೈಮೇಲಿನ ಗಾಯದ ಕತೆ ಶಾಲೆಯಲ್ಲಿ ಹಬ್ಬಿತು. ನದಿಯ ಕತೆ ಕೇಳಲೆಂದೇ ಕೆಲವರು ದಳದ ಸಭೆಗೆ ಬಂದರು. ಬಂದವರಲ್ಲಿ ಹೆಚ್ಚಿನವರು ಉಳಿದರು. ಬೇಸಿಗೆಯಲ್ಲಿ ಎರಡು ವ್ಯಾನ್ ತುಂಬ ಮಕ್ಕಳು ಹೆರನ್ ಶಿಬಿರಕ್ಕೆ ಹೋಗಿ ಬಂದರು. ಗೌರವ ಬಳಗಕ್ಕೆ ಸದಸ್ಯರನ್ನು ಆರಿಸುವ ದಿನ ದಳ ಫಲಕ್‌ಗೆ ಮತ ಹಾಕಿತು.

ಶರತ್ಕಾಲದ ಒಂದು ಶನಿವಾರ. ಟ್ರಾಯ್‌ಗೆ ಹತ್ತಿರದ ವೆಸ್ಟ್ ಬ್ಲೂಮ್‌ಫೀಲ್ಡ್ ಊರಿನ ಒಂದು ಶಾಲೆಯ ಊಟದ ಕೋಣೆಯಲ್ಲಿ ನಾಲ್ಕೈದು ಮಕ್ಕಳು ಮುದುಡಿ ಕೂತಿದ್ದರು. ದಳವನ್ನು ಹೇಗೆ ನಡೆಸುವುದೆಂದು ತಿಳಿಯದೆ ಅವರ ಮುಖ್ಯಸ್ಥೆ ಲತಾಶ್ರೀ ಪೆಚ್ಚಾಗಿ ನಿಂತಿದ್ದರು. ಮನಾಲ್ ಹಿಂದಿನ ಬೆಂಚಿನಲ್ಲಿ ಹೋಗಿ ಕೂತಳು.

ಈ ದಳಕ್ಕೆ ಗೌರವ ಬಳಗ ಕಳಿಸಿದ್ದ ಫಲಕ್ ಮುಂದೆ ಬಂದು ನಿಂತಳು.

"ನಮಸ್ಕಾರ ಆಂಟಿ. ನಾನು ಟ್ರಾಯ್ ದಳದಿಂದ ಬಂದಿದೀನಿ," ಎಂದಳು. "ಇಲ್ಲಿ ಯಾರಿಗೆಲ್ಲ ದೋಣಿ ನಡೆಸೋದು ಕಲಿಯೋಕೆ ಇಷ್ಟ?"

ಒಂದು ಕೈ ಮೇಲೆದ್ದಿತು. ಸ್ವಲ್ಪ ತಡೆದು, ಇನ್ನೊಂದು.