ಮಸಿ ಹಿಡಿಯದ ಛಾವಣಿ

ಹಳೆಯ ರೈಲು ನಿಲ್ದಾಣದ ಕಾವಲುಗಾರನ ಹೆಂಡತಿ ಬಂದಾಗ ಅತ್ತೆ ಬಟಾಣಿ ಬಿಡಿಸುತ್ತಿದ್ದರು. ಅವಳು ಒಳಗೆ ಬರದೆ ಬಾಗಿಲಲ್ಲೇ ನಿಂತಳು.

"ಅಕ್ಕಾ, ಕಳ್ಳತನ ಇವರ ತಲೆಗೆ ಕಟ್ಟಿದಾರೆ. ಸಂಜೆಯೊಳಗೆ ಆ ಪಟ ಸಿಗದಿದ್ರೆ ಪೊಲೀಸರಿಗೆ ಒಪ್ಪಿಸ್ತಾರಂತೆ. ನಮ್ಮನೆಯವರು ಇನ್ನೊಬ್ಬರ ಛತ್ರಿ ಕೂಡ ಮುಟ್ಟೋರಲ್ಲ."

"ಗೊತ್ತು. ನಾನು ಮರೆತು ಬಂದ ಛತ್ರಿ ಮೂರು ದಿನ ಅಲ್ಲೇ ನೆನೀತಾ ಬಿದ್ದಿತ್ತು," ಎಂದರು ಅತ್ತೆ. ನನ್ನ ಕಡೆ ತಿರುಗಿ, "ಚಪ್ಪಲಿ ಹಾಕ್ಕೊಳಮ್ಮ."

ನಮ್ಮ ಕ್ವಾರ್ಟರ್ಸಿನ ಹಿಂದೆಯೇ ಊರಿನ ಮೊದಲ ರೈಲು ನಿಲ್ದಾಣ. ಹಳಿ ಅಲ್ಲಿಗೇ ಮುಗಿಯುತ್ತಿತ್ತು. ಗಿರಣಿಗಳು ಹೆಚ್ಚಿ ಜನ ತುಂಬಿದಾಗ ಆರೇ ವರ್ಷಕ್ಕೆ ದೊಡ್ಡ ನಿಲ್ದಾಣವನ್ನು ಬೇರೆ ಕಡೆ ಕಟ್ಟಿದರು. ಇದು ಹತ್ತಿ ಮೂಟೆಗಳ ಗೋದಾಮಾಯಿತು. ಅಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದ ಅತ್ತೆ, ಕಾಣೆಯಾದ ಮೂಟೆಗಳನ್ನು ಹುಡುಕುತ್ತಲೇ ಪತ್ತೇದಾರಿಕೆ ಕಲಿತವರು. ಈಗ ಅದು ಸಂಗ್ರಹಾಲಯ, ಮರುದಿನ ಉದ್ಘಾಟನೆ. ನನ್ನ ಗಂಡ, ಅತ್ತೆಯ ಮಗ, ತೀರಿಹೋಗಿ ಹದಿನಾಲ್ಕು ತಿಂಗಳಾಗಿತ್ತು. ಅತ್ತೆ ಹೊರಟಲ್ಲಿಗೆ ನಾನೂ ಹೋಗುತ್ತಿದ್ದೆ.

ಕಾಣೆಯಾದದ್ದು ಗಾಜಿನ ಮೇಲಿನ ಹಳೆಯ ಛಾಯಾಚಿತ್ರ. ಮೊದಲ ರೈಲು ಬಂದ ದಿನ ಇದೇ ಪ್ಲಾಟ್‌ಫಾರ್ಮಿನಲ್ಲಿ ತೆಗೆದದ್ದು. ಪರವೂರಿನ ಮುದುಕಿಯೊಬ್ಬರು ಅರಗಿನ ಮುದ್ರೆ ಒತ್ತಿದ ಪೆಟ್ಟಿಗೆಯಲ್ಲಿ ಕಳಿಸಿದ್ದರು. ಅತಿಥಿಗಳ ಎದುರೇ ಬಿಚ್ಚಬೇಕೆಂದು ಸಂಗ್ರಹಾಲಯದ ಅಧಿಕಾರಿ ಅದನ್ನು ತೆರೆಯದೆ ತಮ್ಮ ಕೋಣೆಯ ಬೀರುವಿನಲ್ಲಿಟ್ಟಿದ್ದರು. ಬೆಳಿಗ್ಗೆ ನೋಡಿದರೆ ಬೀಗ ನೆಟ್ಟಗಿದೆ, ಮುದ್ರೆ ಒಡೆದಿದೆ, ಪೆಟ್ಟಿಗೆ ಖಾಲಿ. ಕೀಲಿ ಎರಡು: ಒಂದು ಕಾವಲುಗಾರನ ಹತ್ತಿರ, ಇನ್ನೊಂದು ಅಧಿಕಾರಿಯ ಕೋಣೆಯ ಮೊಳೆಯ ಮೇಲೆ. ಹಿಂದಿನ ದಿನ ಆ ಕೋಣೆಗೆ ಬಂದವರು ಇಬ್ಬರು: ಪಟಗಳಿಗೆ ಕಟ್ಟು ಹಾಕುವವನು, ಮತ್ತು ನಿಲ್ದಾಣದ ಚರಿತ್ರೆ ಬರೆದ ಮೇಷ್ಟ್ರು.

ಅತ್ತೆ ಪೆಟ್ಟಿಗೆಯನ್ನು ಮುಟ್ಟಲೇ ಇಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಮೇಲೆ ನೋಡಿದರು. ಮರದ ತೊಲೆಗಳು ಜೇನಿನ ಬಣ್ಣಕ್ಕಿದ್ದವು.

"ಇದಕ್ಕೆ ಬಣ್ಣ ಗಿಣ್ಣ ಹೊಡೆಸಿದ್ರಾ? ತೊಳೆಸಿದ್ರಾ?"

"ಇಲ್ಲಮ್ಮ, ಕಟ್ಟಿದಾಗ ಹೇಗಿತ್ತೋ ಹಾಗೇ ಇದೆ," ಎಂದರು ಅಧಿಕಾರಿ.

ಆಮೇಲೆ ಒಬ್ಬೊಬ್ಬರನ್ನೇ ಕರೆದು ಒಂದೇ ಪ್ರಶ್ನೆ ಕೇಳಿದರು: "ಆ ಪಟದಲ್ಲಿ ಏನಿರತ್ತೆ ಅಂತೀರಿ?"

"ನಾನು ಪೆಟ್ಟಿಗೆ ಅಳತೆ ತಗೊಂಡವನು ಅಷ್ಟೆ," ಎಂದ ಕಟ್ಟು ಹಾಕುವವನು. "ಇಂಜಿನ್ನು, ಹೊಗೆ. ಇನ್ನೇನಿರತ್ತೆ?"

"ಇಂಜಿನ್ ಮುಂದೆ ದೊಡ್ಡೋರು ನಿಂತಿರ್ತಾರೆ," ಎಂದ ಕಾವಲುಗಾರ. "ನನ್ನಂಥೋರು ಹಿಂದೆ, ಕಾಣದ ಹಾಗೆ."

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಮೂರು ಬೋಗಿ. ಮುಂದಿನದರ ನೆತ್ತಿಯ ಮೇಲೆ ಬ್ರೇಕಿನ ಚಕ್ರ ಹಿಡಿದು ಒಬ್ಬ ಕೂತಿರ್ತಾನೆ. ಸುತ್ತ ಜನ. ಹಾಗಿರಬಹುದು."

ಮಧ್ಯಾಹ್ನ ಎಲ್ಲರನ್ನೂ ಪ್ರಯಾಣಿಕರ ಕೋಣೆಯಲ್ಲಿ ಕೂರಿಸಿ ಅತ್ತೆ ಮಾತಿಗೆ ತೊಡಗಿದರು.

"ಆರು ವರ್ಷ ಇಂಜಿನ್ ಒಳಗೆ ಬಂದು ಹೊಗೆ ಬಿಟ್ಟಿದ್ರೆ ಈ ತೊಲೆಗಳು ಒಲೆ ಮೇಲಿನ ಗೋಡೆ ಥರ ಆಗಿರ್ತಿದ್ವು. ಒಂದು ಚೂರು ಮಸಿ ಇಲ್ಲ. ಮರದ ಛಾವಣಿ, ಪಕ್ಕದಲ್ಲೇ ಹತ್ತಿ. ಕಿಡಿ ಬಿದ್ರೆ ಮುಗೀತು. ಅದಕ್ಕೇ ಇಂಜಿನ್ನನ್ನ ಹೊರಗಿನ ಇಳಿಜಾರಿನಲ್ಲೇ ಬಿಚ್ಚಿ ನಿಲ್ಲಿಸ್ತಿದ್ರು. ಬೋಗಿಗಳು ತಾವಾಗೇ ಉರುಳಿ ಬರ್ತಿದ್ವು, ಮೇಲೆ ಕೂತವನು ಬ್ರೇಕ್ ಹಾಕಿ ನಿಲ್ಲಿಸ್ತಿದ್ದ. ನನ್ನ ಕಾಲದಲ್ಲೂ ವ್ಯಾಗನ್ನುಗಳನ್ನ ಆಳುಗಳೇ ತಳ್ಳಿ ತರ್ತಿದ್ರು. ಹಾಗಾಗಿ ಪಟದಲ್ಲಿ ಇಂಜಿನ್ ಇರೋಕೆ ಸಾಧ್ಯವಿಲ್ಲ. ನೋಡದವರೆಲ್ಲ ಇಂಜಿನ್ ಇದೆ ಅಂದ್ರು. ಮೇಷ್ಟ್ರು ಒಬ್ಬರೇ ಅನ್ನಲಿಲ್ಲ."

"ಅವರು ಚರಿತ್ರೆ ಓದಿದವರು, ಗೊತ್ತಿರತ್ತೆ," ಎಂದರು ಅಧಿಕಾರಿ.

"ಅವರ ಪುಸ್ತಕದಲ್ಲಿ ಇಂಜಿನ್ ಹೊಗೆ ಉಗುಳ್ತಾ ಪ್ಲಾಟ್‌ಫಾರ್ಮಿಗೇ ಬಂದಿದೆ. ನಿನ್ನೆ ಮಧ್ಯಾಹ್ನದವರೆಗೂ ಅವರು ನಂಬಿದ್ದು ಅದನ್ನೇ. ಈ ಕಟ್ಟು ಹಾಕುವವನು ಬಂದಾಗಿಂದ ಹೋಗೋವರೆಗೆ ನೀವು ಜೊತೆಗಿದ್ರಿ. ಮೇಷ್ಟ್ರನ್ನ ನಿಮ್ಮ ಕೋಣೇಲಿ ಒಬ್ಬರನ್ನೇ ಬಿಟ್ಟು ಹೋದ್ರಿ ತಾನೆ?"

ಅಧಿಕಾರಿ ತಲೆಯಾಡಿಸಿದರು. "ಒಂದು ಗಂಟೆ."

ಮೇಷ್ಟ್ರು ಚೀಲ ತೆರೆದು ಪಂಚೆಯಲ್ಲಿ ಸುತ್ತಿದ ಗಾಜನ್ನು ಮೇಜಿನ ಮೇಲಿಟ್ಟರು.

"ಮೊದಲ ರೈಲಿನ ಇಂಜಿನ್ ಓಡಿಸ್ಕೊಂಡು ಬಂದದ್ದು ನಮ್ಮ ಅಜ್ಜ. ಅಪ್ಪ ಹೇಳಿ ಹೇಳಿ ನಾನು ಅವರನ್ನ ಕಂಡ ಹಾಗೇ ಇತ್ತು. ಮನೇಲಿ ಅವರದೊಂದು ಪಟ ಇಲ್ಲ. ನಾಳೆವರೆಗೆ ಕಾಯಕ್ಕೆ ಆಗಲಿಲ್ಲ, ಮುಖ ನೋಡೋಣ ಅಂತ ತೆಗೆದೆ." ಅವರು ಗಾಜಿನತ್ತ ಕೈ ತೋರಿಸಿದರು. "ಅಜ್ಜನೂ ಇಲ್ಲ, ಇಂಜಿನ್ನೂ ಇಲ್ಲ. ಅಪ್ಪ ಹೇಳಿದ್ದೆಲ್ಲ ಸುಳ್ಳು ಅನ್ನಿಸ್ತು. ನಾಲ್ಕು ಜನ ನೋಡಬಾರದು ಅನ್ನಿಸ್ತು. ಒಡೆಯೋಕೆ ಕೈ ಬರಲಿಲ್ಲ."

"ಕಳ್ಳತನಾನ ನನ್ನ ಮೇಲೆ ಹಾಕೋಕೆ ಮಾತ್ರ ಕೈ ಬಂತಲ್ಲ ಸಾರ್," ಎಂದ ಕಾವಲುಗಾರ, ಮೆಲ್ಲಗೆ.

ಮೇಷ್ಟ್ರು ಎದ್ದು ಅವನಿಗೆ ಕೈಮುಗಿದರು. ಅಧಿಕಾರಿ ಪೊಲೀಸರ ಮಾತೆತ್ತಲಿಲ್ಲ.

"ನಿಮ್ಮಪ್ಪ ಸುಳ್ಳು ಹೇಳಿಲ್ಲ ಮೇಷ್ಟ್ರೆ," ಎಂದರು ಅತ್ತೆ. "ಬೋಗಿ ಇಲ್ಲಿಗೆ ಬಂದಿದೆ ಅಂದ್ರೆ ಯಾರೋ ಎಳ್ಕೊಂಡು ಬಂದಿದಾರೆ. ಪಟ ತೆಗೆಯೋವಾಗ ಅವರು ಹೊರಗೆ ನಿಂತಿದ್ರು. ಬನ್ನಿ, ತೋರಿಸ್ತೀನಿ."

ಪ್ಲಾಟ್‌ಫಾರ್ಮ್ ಮುಗಿದ ಮೇಲೆ ನೂರು ಹೆಜ್ಜೆ. ನೆಲ ಏರತೊಡಗುವ ಕಡೆ ಅತ್ತೆ ನಿಂತರು. ಹಳಿ ಕಿತ್ತು ಎಷ್ಟೋ ಕಾಲವಾಗಿತ್ತು, ಬರೀ ಹುಲ್ಲು. ಮೇಷ್ಟ್ರು ಅಲ್ಲಿ ನಿಂತು ನಿಲ್ದಾಣದ ಕಡೆ ನೋಡಿದರು. ಒಳಗಿನ ಪ್ಲಾಟ್‌ಫಾರ್ಮ್ ಅಲ್ಲಿಂದ ಪೂರ್ತಿ ಕಾಣುತ್ತಿತ್ತು.

"ಅಜ್ಜ ಇಲ್ಲಿಂದ ಜನರನ್ನ ನೋಡಿರ್ತಾರೆ, ಹಾಗಾದ್ರೆ," ಎಂದರು.

"ನೋಡದೆ ಇರ್ತಾರಾ."

ಉಳಿದವರೆಲ್ಲ ಹಿಂತಿರುಗಿದ ಮೇಲೂ ನಾನು ಆ ಹುಲ್ಲಿನಲ್ಲೇ ನಿಂತು ನಿಲ್ದಾಣದ ಕಡೆ ನೋಡುತ್ತಿದ್ದೆ. ನನ್ನ ಗಂಡನೂ ಹೀಗೇ ಎಲ್ಲೋ ಹೊರಗೆ ನಿಂತು ನಮ್ಮನ್ನು ನೋಡುತ್ತಿರಬಹುದು ಅನ್ನಿಸಿತು. ಅತ್ತೆ ಅವಸರ ಮಾಡಲಿಲ್ಲ. ಅವರೂ ಅದೇ ಕಡೆ ನೋಡುತ್ತಿದ್ದರು.