ಮಾಷ್ಟ್ರ ಮನೆಮಾತು

"ಟೀಚರ್, ಕೊಡೆ ತಂದಿದ್ದೀರಾ?"

"ಇಲ್ಲ ಮಾಷ್ಟ್ರೇ. ನಿಮ್ಮಲ್ಲಿ?"

"ಉಂಟು. ಆದ್ರೆ ಒಂದೇ."

ಆ 'ಒಂದೇ' ಹೇಳುವಾಗ ವಿಘ್ನೇಶ ಮಾಷ್ಟ್ರ ಕಿವಿ ಕೆಂಪಾಯಿತು. ಎರ್ನಾಕುಳಂನ ಬಿಸಿಲಿಗೆ ಎಂದು ಬೇರೆಯವರು ತಿಳಿಯಬಹುದಿತ್ತು. ನನಗೆ ಗೊತ್ತಿತ್ತು.

ನಾವಿಬ್ಬರೂ ಕಾಸರಗೋಡಿನ ಒಂದೇ ಕನ್ನಡ ಶಾಲೆಯವರು. ನಾನು ಸ್ವೀಡಲ್, ಲೆಕ್ಕದ ಟೀಚರ್. ಅವರು ಸಮಾಜ ವಿಜ್ಞಾನದವರು. ಪಾಠಪುಸ್ತಕದ ಕಾರ್ಯಾಗಾರಕ್ಕೆ ಬಂದಿದ್ದೆವು. ಕೆಲಸ ಶುಕ್ರವಾರವೇ ಮುಗಿಯಿತು, ರೈಲು ಶನಿವಾರ ರಾತ್ರಿಗೆ. ನಡುವೆ ಇಡೀ ಒಂದು ದಿನ, ಗುರುತಿನವರು ಯಾರೂ ಇಲ್ಲದ ದೊಡ್ಡ ಪೇಟೆ. ದೇವರು ಕೊಡುವಾಗ ಹೀಗೇ, ತಡವಾಗಿ ಕೊಡುತ್ತಾನೆ.

ಭಾನುವಾರ ನಮ್ಮ ಇಗರ್ಜಿಯಲ್ಲಿ ನನ್ನ ಮತ್ತು ಮೆಲ್ವಿನ್‌ನ ಮದುವೆಯ ಪ್ರಕಟಣೆಯನ್ನು ಮೂರನೆಯ ಸಲ, ಅಂದರೆ ಕೊನೆಯ ಸಲ, ಓದುವವರಿದ್ದರು. ಆಕ್ಷೇಪ ಇದ್ದವರು ಪಾದ್ರಿಗಳಿಗೆ ತಿಳಿಸಲಿ ಎಂದು ಹಾಗೆ ಓದುವುದು ಕ್ರಮ. ಎರಡು ಭಾನುವಾರ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ನಾನೂ ಅನ್ನಲಿಲ್ಲ.

ಮೆಲ್ವಿನ್ ಒಳ್ಳೆಯವನು, ಅದೇ ಕಷ್ಟ. ಅವನ ಫೋನ್ ಬಂದರೆ ನನಗೆ ಏನೂ ಆಗುವುದಿಲ್ಲ. ಮಾಷ್ಟ್ರು ಸ್ಟಾಫ್‌ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿಗೇ ಆಗುತ್ತದೆ.

ಮರೈನ್ ಡ್ರೈವ್ ಉದ್ದಕ್ಕೂ ನಡೆದೆವು. ಕೊಡೆ ಪೂರ್ತಿ ನನ್ನ ತಲೆಯ ಮೇಲೆ. ಅವರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ನಿಮ್ಮ ಮೇಲೂ ಹಿಡ್ಕೊಳ್ಳಿ ಮಾಷ್ಟ್ರೇ."

"ನಂಗೆ ಬಿಸಿಲು ಅಭ್ಯಾಸ ಉಂಟು."

"ಸುಳ್ಳು. ಅಸೆಂಬ್ಲಿಯಲ್ಲಿ ನೆರಳು ಹುಡುಕಿ ನಿಲ್ಲುವವರು ನೀವು."

ಅವರು ನಕ್ಕು ಬೇರೆ ಕಡೆ ನೋಡಿದರು. ನಾನು ಅವರನ್ನೇ ನೋಡಿದೆ. ನೋಡಬಾರದಿತ್ತು.

ಬ್ರಾಡ್‌ವೇಯ ಬಳೆ ಅಂಗಡಿಯ ಮುಂದೆ ಅವರ ಅಕ್ಕನ ಫೋನ್ ಬಂತು. ಮಾಷ್ಟ್ರು ತಿರುಗಿ ನಿಂತು, ತಮ್ಮ ಹವ್ಯಕ ಮನೆಮಾತಿನಲ್ಲಿ ಹೇಳಿದರು, "ಎನಗೆ ಹೇಳ್ಲೆ ಎಡಿತ್ತಿಲ್ಲೆ ಅಕ್ಕಾ. ಕೂಸು ಇಲ್ಲೇ ಇದ್ದು."

ಹೇಳಲು ನನ್ನಿಂದಾಗುತ್ತಿಲ್ಲ, ಹುಡುಗಿ ಇಲ್ಲೇ ಇದ್ದಾಳೆ.

ಬೇರೆ ಊರಿಗೆ ಬಂದರೆ ನಮ್ಮ ಕಾಸರಗೋಡಿನವರಿಗೆ ಈ ಭ್ರಮೆ: ಮನೆಮಾತೆಂದರೆ ಬೀಗ ಹಾಕಿದ ಪೆಟ್ಟಿಗೆ. ನಮ್ಮಲ್ಲಿ ಒಂದು ಬಸ್ಸಿನಲ್ಲಿ ಐದು ಭಾಷೆ, ಕೀಲಿಕೈ ಎಲ್ಲರ ಹತ್ತಿರವೂ ಇರುತ್ತದೆ. ನಾನು ಪಕ್ಕದ ಹವ್ಯಕ ಭಟ್ಟರ ಮನೆಯ ಜಗಲಿಯಲ್ಲೇ ಆಡಿ ಬೆಳೆದವಳು. ಪಾಪ, ಮಾಷ್ಟ್ರಿಗೆ ಅದು ಗೊತ್ತಿರಲಿಲ್ಲ.

"ಅಕ್ಕ ಎಂತ ಹೇಳಿದ್ರು?"

"ಊಟ ಆಯ್ತಾ ಕೇಳಿದ್ರು."

"ಅಷ್ಟೆಯಾ?"

"ಅಷ್ಟೇ ಟೀಚರ್."

ಅಂಗಡಿಯವನು ಹಸಿರು ಬಳೆ ಎತ್ತಿ ಹಿಡಿದು, ಹೆಂಡತಿಗೆ ತೆಗೆಯಿರಿ ಸಾರ್ ಎಂದು ಮಲಯಾಳದಲ್ಲಿ ಕರೆದ. ಇಬ್ಬರೂ ಅಲ್ಲ ಎನ್ನಲಿಲ್ಲ. ಮುಂದೆ ನಡೆದೆವು.

ಸಂಜೆ ಬೋಟ್ ಹತ್ತಿ ಫೋರ್ಟ್ ಕೊಚ್ಚಿ. ದಡದ ಚೀನೀ ಮೀನುಬಲೆಗಳು ನೀರಿಗಿಳಿದು ಬರಿದಾಗಿ ಮೇಲೇಳುತ್ತಿದ್ದವು. ಅಕ್ಕ ಮತ್ತೆ ಫೋನ್ ಮಾಡಿದರು. ಮತ್ತೆ ಅದೇ "ಎಡಿತ್ತಿಲ್ಲೆ". ಫೋನ್ ಕಿತ್ತುಕೊಂಡು, ಅಕ್ಕಾ, ಇವರಿಗೆ ಸ್ವಲ್ಪ ಬುದ್ಧಿ ಹೇಳಿ ಎನ್ನಬೇಕೆನಿಸಿತು. ಆದರೆ ನಾನೇನು ಕಮ್ಮಿ? ಬೇರೊಬ್ಬನ ಜೊತೆ ಹೆಸರು ಓದಿಸಿಕೊಂಡವಳು ಮೊದಲು ಬಾಯಿ ಬಿಡುವುದು ಹೇಗೆ?

ರೈಲಿನಲ್ಲಿ ಅವರು ಮೇಲಿನ ಬರ್ತ್, ನಾನು ಕೆಳಗೆ. ಇಬ್ಬರಿಗೂ ನಿದ್ದೆ ಇಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಬೆಳಕು ಹರಿಯುವಾಗ ಕಾಸರಗೋಡು. ಸ್ಟೇಷನ್ನಿನ ಹೊರಗೆ ಪಪ್ಪ ಸ್ಕೂಟರ್ ಹಿಡಿದು ನಿಂತಿದ್ದರು, ನೇರ ಇಗರ್ಜಿಗೆ ಕರೆದೊಯ್ಯಲು.

ಮಾಷ್ಟ್ರು ನನ್ನ ಬ್ಯಾಗ್ ಕೆಳಗಿಟ್ಟರು. "ಮದುವೆ ಚೆಂದ ಆಗ್ಲಿ ಟೀಚರ್." ಅವರ ಸ್ವರ ಅರ್ಧಕ್ಕೇ ಒಡೆಯಿತು.

ಅದನ್ನು ಕೇಳಿ ತಾಳಲಾಗಲಿಲ್ಲ.

"ಮಾಷ್ಟ್ರೇ, ಎನಗೂ ಎಡಿತ್ತಿಲ್ಲೆ."

ಅವರು ಕಣ್ಣು ಮಿಟುಕಿಸದೆ ನಿಂತರು. "ಟೀಚರ್, ನಿಮಗೆ... ನಮ್ಮ ಭಾಷೆ..."

"ಬ್ರಾಡ್‌ವೇಯಲ್ಲೂ ಅರ್ಥ ಆಯ್ತು. ಬಲೆಯ ಹತ್ರವೂ."

"ಎಲ್ಲಾ?"

"ಎಲ್ಲಾ."

ಪಪ್ಪ ಹಾರ್ನ್ ಹೊಡೆದರು.

"ಇನ್ನು ಎಂತ ಮಾಡುದು?" ಮಾಷ್ಟ್ರು ಮಕ್ಕಳ ಹಾಗೆ ಕೇಳಿದರು.

"ಇಗರ್ಜಿಯಲ್ಲಿ ಪೂಜೆ ಶುರು ಆಗ್ಲಿಕ್ಕೆ ಇನ್ನೂ ಹೊತ್ತುಂಟು. ಪಾದ್ರಿಗಳಿಗೆ ಆಕ್ಷೇಪ ಹೇಳ್ಲಿಕ್ಕುಂಟು."

"ಯಾರದ್ದು?"

"ಮದುಮಗಳದ್ದು."

ನಾನು ಪಪ್ಪನ ಕಡೆ ಹೊರಟೆ. ಬಿಸಿಲೇ ಬಾರದ ಆ ಹೊತ್ತಿನಲ್ಲಿ, ಬೇರೇನೂ ತೋಚದೆ, ಮಾಷ್ಟ್ರು ಕೊಡೆ ಬಿಡಿಸಿ ನನ್ನ ಜೊತೆಗೇ ಬಂದರು. ಈ ಸಲ ಅರ್ಧ ಕೊಡೆ ಅವರ ಮೇಲೂ ಇತ್ತು.